ಸೆಪ್ಟೆಂಬರ್ ತಿಂಗಳ ಶುಕ್ರವಾರ

ಬೀಜ ಹಾಕಿದ ದಿನವೇ ಮೊಳಕೆ ಎಣಿಸಿ ಮುಗಿಸಿದ್ದಾರೆ ಎಂದು ನನ್ನ ಯಂತ್ರ ಚೀಟಿ ಮುದ್ರಿಸಿ ಕೊಟ್ಟಿತ್ತು. ಅದೂ ಒಂದಲ್ಲ, ಹನ್ನೊಂದು ಚೀಟಿ. ಅವನ್ನೆಲ್ಲ ಒಂದು ಪಿನ್ನಿಗೆ ಚುಚ್ಚಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟವರು ರಾಣೆಬೆನ್ನೂರಿನ ಒಂದು ಸಣ್ಣ ಬೀಜದ ಕಂಪನಿಯಲ್ಲಿ ಮೊಳಕೆ ಪರೀಕ್ಷೆಯ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು. ಗುತ್ತಲದವರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

"ಗೋವಿನಜೋಳ ಏಳನೇ ದಿನಕ್ಕ ಎಣಸ್ತೇವಿ ನಾವು," ಎಂದರು. "ನಿನ್ನ ಮಶೀನು ಮುಂಜಾನೆ ಹತ್ತಕ್ಕ ಹಾಕೇರಿ, ಮುಂಜಾನೆ ಹತ್ತಕ್ಕನ ಎಣಸೇರಿ ಅಂತೈತಿ. ಅಂಥಾ ಬೀಜ ಎಲ್ಲಿ ಸಿಗತಾವ ಹೇಳವಾ, ನಮ್ಮ ಹೊಲಕ್ಕೂ ಒಂದು ಚೀಲ ತರತೇನಿ."

ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ. ಚೀಟಿಗಳನ್ನು ಒಂದೊಂದಾಗಿ ನೋಡಿದೆ. ಹಾಕಿದ ವೇಳೆ, ಎಣಿಸಿದ ವೇಳೆ ಎರಡೂ ಸೆಕೆಂಡಿನವರೆಗೆ ಒಂದೇ ಆಗಿದ್ದವು.

ನಾನು ಹಾವೇರಿಯವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೆಲವು ವರ್ಷ ಅವರಿವರ ಕೈಕೆಳಗೆ ದುಡಿದು, ಆಮೇಲೆ ರಾಣೆಬೆನ್ನೂರಿನಲ್ಲಿ ಎರಡು ಮೇಜು ಹಿಡಿಸುವಷ್ಟು ಒಂದು ವರ್ಕ್‌ಶಾಪ್ ಮಾಡಿಕೊಂಡೆ. ದಿನಾ ಮುಂಜಾನೆ ಹಾವೇರಿಯಿಂದ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸು. ಬೀಜದ ಕಂಪನಿಗಳ ಮೊಳಕೆ ಕೋಣೆಗಳಲ್ಲಿ ಬಿಸಿ ಎಷ್ಟಿದೆ, ತೇವ ಎಷ್ಟಿದೆ ಎಂದು ನೋಡುತ್ತ, ಹೆಚ್ಚು ಕಡಿಮೆಯಾದರೆ ಸರಿಪಡಿಸುವ ಸಣ್ಣ ಪೆಟ್ಟಿಗೆಗಳನ್ನು ನಾನು ತಯಾರಿಸುತ್ತಿದ್ದೆ. ಪರೀಕ್ಷೆ ಮುಗಿದಾಗ ಪೆಟ್ಟಿಗೆಯಿಂದ ಬಸ್ ಟಿಕೆಟಿನಂಥ ಒಂದು ಚೀಟಿ ಬರುತ್ತಿತ್ತು. ಯಾವಾಗ ಹಾಕಿದ್ದು, ಯಾವಾಗ ಎಣಿಸಿದ್ದು, ನಡುವೆ ಕೋಣೆ ಹೇಗಿತ್ತು ಎಂಬುದೆಲ್ಲ ಅದರಲ್ಲಿ. ಹಾಕಿದ ವೇಳೆ ಮಾತ್ರ ಇತ್ತೀಚೆಗಷ್ಟೇ ಸೇರಿಸಿದ್ದು. ಪೆಟ್ಟಿಗೆಯೊಳಗಿನ ಪ್ರೋಗ್ರಾಮನ್ನು ನಾನೇ ಸಿ ಭಾಷೆಯಲ್ಲಿ ಬರೆದಿದ್ದೆ. ಝೆರಾಕ್ಸ್ ಮಾಡಿಸಿದ ಒಂದು ಹಳೆಯ ಪುಸ್ತಕ ನೋಡಿ ಕಲಿತದ್ದು. ಅದರ ಬಗ್ಗೆ ನನಗೆ ಸಾಕಷ್ಟು ಹೆಮ್ಮೆಯೂ ಇತ್ತು.

ತಪ್ಪು ಹುಡುಕಲು ನಾನು ನಾಲ್ಕು ದಿನ ಕಳೆದೆ. ಗಡಿಯಾರದ ಚಿಪ್ ಬದಲಿಸಿದೆ. ಬ್ಯಾಟರಿ ಬದಲಿಸಿದೆ. ತಂತಿಗಳನ್ನೆಲ್ಲ ಕಿತ್ತು ಮತ್ತೆ ಬೆಸುಗೆ ಹಾಕಿದೆ. ತಾರೀಖು ಮುದ್ರಿಸುವ ಸಾಲಿನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ತಾರೀಖು ಬರೆಯುವುದರಲ್ಲಿ ತಪ್ಪೇನಾದೀತು? ಇಡೀ ಪ್ರೋಗ್ರಾಮಿನಲ್ಲಿ ಅದು ಅತ್ಯಂತ ಸಣ್ಣ ಕೆಲಸ ಎಂದು ನಾನು ತಿಳಿದಿದ್ದೆ.

ಐದನೆಯ ದಿನ ಅವಳು ಬಂದಳು.

ಬಾಗಿಲಲ್ಲಿ ಬಿಳಿ ಕೋಲಿನ ಸಪ್ಪಳ ಕೇಳಿ ತಲೆಯೆತ್ತಿದೆ. ಮೂವತ್ತರ ಆಸುಪಾಸಿನ ಹೆಂಗಸು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ಹುಟ್ಟಿನಿಂದಲೇ ಕಣ್ಣು ಕಾಣದವಳು. ಬ್ಯಾಡಗಿಯಿಂದ ಒಬ್ಬಳೇ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಆಟೋ ಹಿಡಿದು, ವಿಳಾಸ ಕೇಳುತ್ತ ನನ್ನ ಬಾಗಿಲು ಮುಟ್ಟಿದ್ದಳು.

"ಇಲ್ಲಿ ಸಿ ಪ್ರೋಗ್ರಾಮ್ ಬರೀತೀರಿ ಅಂತ ಕೇಳಿ ಬಂದೇನ್ರಿ," ಎಂದಳು. "ನಂಗೂ ಬರತೈತಿ. ಕೆಲಸ ಇದ್ರ ಕೊಡ್ರಿ."

ಇಂದು ನೆನೆದರೆ ನಾಚಿಕೆಯಾಗುತ್ತದೆ, ಆದರೆ ಆಗ ಮನಸ್ಸಿನಲ್ಲಿ ಬಂದದ್ದು ಒಂದೇ: ಇವಳನ್ನು ನೋಯಿಸದೆ ಹೇಗೆ ವಾಪಸು ಕಳಿಸುವುದು. ಕುರ್ಚಿ ಕೊಟ್ಟೆ, ಚಹಾ ತರಿಸಿದೆ. ಅವಳು ಚಹಾ ಕುಡಿದು ಲೋಟ ಕೆಳಗಿಟ್ಟು, "ಒಂದು ಪ್ರೋಗ್ರಾಮ್ ಕೊಟ್ಟು ನೋಡ್ರಿ ಮೇಡಂ. ಬರಲಿಲ್ಲಂದ್ರ ಸಂಜಿ ಗಾಡಿಗೆ ಹೋಗತೇನಿ," ಎಂದಳು. ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಅವಳು ಓದಿಬಿಟ್ಟಂತಿತ್ತು.

ಕೈಗೆ ಸಿಕ್ಕಿದ್ದು ಆ ಚೀಟಿಯ ಪ್ರೋಗ್ರಾಮೇ. ಅದನ್ನೇ ಅವಳ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ತೊಂದರೆ ಏನೆಂದು ಹೇಳಲಿಲ್ಲ. "ಓದಿ ನೋಡು, ಏನು ಮಾಡತೈತಿ ಹೇಳು," ಎಂದೆ, ಅಷ್ಟೇ.

ಅವಳು ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ತಂತ್ರಾಂಶ ಅವಳ ಲ್ಯಾಪ್‌ಟಾಪಿನಲ್ಲಿತ್ತು. ನಾನೂ ಬಗ್ಗಿ ಕೇಳಿದೆ. ಬಾಣಲೆಯಲ್ಲಿ ಕಡಲೆ ಹುರಿದಂಥ ಚಟಪಟ ಬಿಟ್ಟರೆ ಒಂದು ಶಬ್ದವೂ ತಿಳಿಯಲಿಲ್ಲ. ಅಷ್ಟು ವೇಗ. ಅವಳು ತಲೆ ಸ್ವಲ್ಪ ವಾರೆ ಮಾಡಿ, ಬೆರಳಿನಿಂದ ಕೆಳಗಿನ ಬಾಣದ ಕೀಲಿಯನ್ನು ಒತ್ತುತ್ತ ಸಾಲು ಸಾಲಾಗಿ ಕೇಳುತ್ತ ಹೋದಳು. ಒಂದು ಕಡೆ ನಿಲ್ಲಿಸಿ, ಮೇಲೆ ಹೋಗಿ, ಮತ್ತೆ ಕೇಳಿದಳು. ಪ್ರೋಗ್ರಾಮನ್ನು ಓಡಿಸಿದಳು. ಹದಿನೈದು ನಿಮಿಷವೂ ಆಗಿರಲಿಲ್ಲ.

"ಮೇಡಂ, ಚೀಟಿ ಮ್ಯಾಲೆ ತಾರೀಖಿನ ಕೆಳಗ ಒಂದೊಂದು ಸಾಲು ಖಾಲಿ ಬಿಡತೈತೇನ್ರಿ?"

"ಹೂಂ. ಅದು ಪ್ರಿಂಟರಿನ ದೋಷ. ಎರಡು ಪ್ರಿಂಟರ್ ಬದಲಿ ಮಾಡೇನಿ."

"ಪ್ರಿಂಟರಿಂದು ಅಲ್ರಿ. ಇದು ನಂಗ ‘ಬ್ಲ್ಯಾಂಕ್, ಬ್ಲ್ಯಾಂಕ್’ ಅಂತ ಹೇಳಾಕತ್ತೈತಿ. ತಾರೀಖು ಬರದು ಕೊಡು ಅಂತ ನೀವು ಸಿಟೈಮಿಗೆ ಹೇಳೀರಲ್ಲ, ಅದು ಬರದು ಕೊಟ್ಟು ಕಡೀಕ ತಾನ ಸಾಲು ಮುರೀತೈತಿ. ಅದರ ಸ್ವಭಾವನ ಹಂಗ."

ಸಿಟೈಮ್ ಎನ್ನುವುದು ಸಿ ಭಾಷೆಯಲ್ಲಿ ಸಿದ್ಧವಾಗಿ ಸಿಗುವ ಒಂದು ಕೆಲಸಗಾರ. ಕಂಪ್ಯೂಟರಿಗೆ ತಿಂಗಳು, ವಾರ ಯಾವುದೂ ಗೊತ್ತಿಲ್ಲ. ಐವತ್ತು ಚಿಲ್ಲರೆ ವರ್ಷಗಳ ಹಿಂದಿನ ಒಂದು ಜನವರಿ ಒಂದನೆಯ ತಾರೀಖಿನಿಂದ ಎಷ್ಟು ಸೆಕೆಂಡು ಕಳೆದವು ಎಂಬ ಒಂದೇ ದೊಡ್ಡ ಸಂಖ್ಯೆ ಅದಕ್ಕೆ ಗೊತ್ತು. ಆ ಸಂಖ್ಯೆಯನ್ನು ಕೊಟ್ಟರೆ ಮನುಷ್ಯರು ಓದುವಂಥ ವಾರ, ತಿಂಗಳು, ದಿನ, ವೇಳೆ ಮಾಡಿಕೊಡುವವನು ಸಿಟೈಮ್. ವರ್ಷಗಟ್ಟಲೆ ಅವನನ್ನು ದುಡಿಸಿಕೊಂಡಿದ್ದೆ. ಅವನ ಸ್ವಭಾವ ಕೇಳಿರಲಿಲ್ಲ. ಒಂದು ಖಾಲಿ ಸಾಲಿಗಾಗಿ ಎರಡು ಪ್ರಿಂಟರುಗಳನ್ನು ಬೈದು ಮೂಲೆಗೆ ಹಾಕಿದ್ದೆ.

"ಇನ್ನೊಂದು ಐತ್ರಿ," ಎಂದಳು. ಈಗ ಅವಳ ಮುಖದಲ್ಲಿ ತಡೆಹಿಡಿದ ನಗು. "ಹಾಕಿದ ದಿನಾ, ಎಣಿಸಿದ ದಿನಾ ಎರಡೂ ಒಂದ ಬರಾಕತ್ತಿರಬೇಕಲ್ರಿ?"

"ಯಾರು ಹೇಳಿದ್ರು ನಿನಗ?"

"ನೀವ ಬರದೀರಲ್ರಿ. ಒಂದ ಸಾಲಿನ್ಯಾಗ ಸಿಟೈಮನ್ನ ಎರಡು ಸಲ ಕರದೀರಿ. ಅವನ ಹತ್ರ ಇರೂದು ಒಂದ ಪಾಟಿ. ಮೊದಲನೇ ತಾರೀಖು ಆ ಪಾಟಿ ಮ್ಯಾಲೆ ಬರದ. ನೀವು ಅದನ್ನ ನೋಡೂದ್ರಾಗ ಒರಸಿ ಎರಡನೇದ್ದು ಬರದ. ಕಡೀಕ ನೀವು ಎರಡು ಸಲ ನೋಡಿದ್ದೂ ಒಂದ ಬರಹಾನ. ಮೊದಲನೇದ್ದನ್ನ ನಿಮ್ಮ ಹಾಳಿಗೆ ಇಳಿಸ್ಕೊಂಡು, ಆಮ್ಯಾಲೆ ಎರಡನೇದಕ್ಕ ಕರೀರಿ. ಸರಿ ಆಗತೈತಿ."

ಅವಳು ಹೇಳಿದಂತೆ ಎರಡು ಸಾಲು ಬದಲಿಸಿದೆ. ಚೀಟಿ ಹೊರಬಂತು. ಹಾಕಿದ್ದು ಒಂದು ದಿನ, ಎಣಿಸಿದ್ದು ಏಳು ದಿನಗಳ ನಂತರ. ನಾಲ್ಕು ದಿನ ಬೆಸುಗೆಯ ಹೊಗೆ ಕುಡಿದು ನಾನು ಮಾಡಲಾಗದ್ದನ್ನು ಅವಳು ಒಂದು ಕಿವಿಯಿಂದ ಮಾಡಿದ್ದಳು. ಸಂಜೆಯ ಗಾಡಿಗೆ ಅವಳು ಹೋದದ್ದು ನಿಜ, ಆದರೆ ಮರುದಿನ ಮುಂಜಾನೆ ಒಂಬತ್ತೂವರೆಗೆ ಕೆಲಸಕ್ಕೆ ಬರುವುದಾಗಿ ಹೇಳಿ.

ಬಂದ ಮೊದಲ ವಾರವೇ ಅವಳು ಒಂದು ಪ್ರಶ್ನೆ ಕೇಳಿದಳು. "ಈ ಚೀಟಿ ಓದೋರು ಯಾರ್ರಿ?"

"ಮೊಳಕಿ ಕೋಣ್ಯಾಗಿನೋರು."

"ಅವರಿಗೆ ಓದಾಕ ಬರತೈತೇನ್ರಿ ಇದು?"

ಅದನ್ನೇ ಕೇಳಲು ಇಬ್ಬರೂ ಆ ಗುತ್ತಲದ ಅಕ್ಕಾರ ಕೋಣೆಗೆ ಹೋದೆವು.

ಮೊಳಕೆ ಕೋಣೆ ಎಂದರೆ ಗಾಜಿನ ಬಾಗಿಲಿನ ಒಂದು ತಂಪು ಕೋಣೆ. ಕಬ್ಬಿಣದ ಕಪಾಟುಗಳಲ್ಲಿ ಒದ್ದೆ ಕಾಗದದ ಸುರುಳಿಗಳನ್ನು ನಿಲ್ಲಿಸಿರುತ್ತಾರೆ, ಒಂದೊಂದು ಸುರುಳಿಯೊಳಗೂ ಸಾಲಾಗಿ ಬೀಜ. ದಿನ ತುಂಬಿದ ಮೇಲೆ ಸುರುಳಿ ಬಿಚ್ಚಿ, ಸರಿಯಾಗಿ ಮೊಳೆತದ್ದು ಎಷ್ಟು, ಸೊಟ್ಟಗಾದದ್ದು ಎಷ್ಟು, ಕೊಳೆತದ್ದು ಎಷ್ಟು ಎಂದು ಎಣಿಸಬೇಕು. ನಾವು ಹೋದಾಗ ಅಕ್ಕಾರು ಒಂದು ಸುರುಳಿ ಬಿಚ್ಚಿಟ್ಟುಕೊಂಡು ಕೂತಿದ್ದರು. ಬ್ಯಾಡಗಿಯವಳು ಕೇಳಿ, ಕೈ ತೊಳೆದುಕೊಂಡು, ಆ ಮೊಳಕೆಗಳನ್ನು ಮುಟ್ಟಿದಳು. ಬೇರು, ಕಾಂಡ, ಎಳೆ ಎಲೆ ಎಲ್ಲವನ್ನೂ ಒಮ್ಮೆ ಅಕ್ಕಾರ ಕೈಯಿಂದ ತೋರಿಸಿಕೊಂಡಳು. ಆಮೇಲೆ ತಾನೇ ಬೆರಳಾಡಿಸುತ್ತ, "ಇದು ಚಲೋ ಐತಿ. ಇದೂ ಚಲೋ. ಇದರ ಬೇರು ಗಂಟು ಬಿದ್ದೈತಿ," ಎನ್ನುತ್ತ ಎರಡು ಸಾಲು ಎಣಿಸಿದಳು. ಅಕ್ಕಾರು ಅವಳ ಹಿಂದೆಯೇ ಎಣಿಸಿ ನೋಡಿ, "ತಂಗಿ, ನಮ್ಮ ಕೆಲಸ ಕಸ್ಕೊಳ್ಳಾಕ ಬಂದೀಯೇನ?" ಎಂದರು. ಅವರು ಯಾರನ್ನೂ ಸುಲಭವಾಗಿ ಹೊಗಳುವವರಲ್ಲ.

ಚೀಟಿಯ ಮಾತು ತೆಗೆದಾಗ ಅವರು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದರು. ಎಣಿಸುವ ಆರು ಜನ ಹೆಂಗಸರಲ್ಲಿ ಇಂಗ್ಲಿಷ್ ಓದುವವರು ಇಬ್ಬರೇ. ಉಳಿದವರು ಪ್ರತಿ ಚೀಟಿ ಹಿಡಿದು ಇವರ ಬಳಿ ಬರುತ್ತಾರೆ. ಹಿಂದೆ ಇನ್ನೊಂದು ಯಂತ್ರವಿತ್ತು, ಅದು ಬರೀ ಅಂಕಿ ಮುದ್ರಿಸುತ್ತಿತ್ತು. ಐದು ಏಳು ಎಂದರೆ ಮೇ ಏಳೋ ಜುಲೈ ಐದೋ ಎಂದು ಒಂದು ಸಲ ದೊಡ್ಡ ಜಗಳವೇ ಆಗಿತ್ತು.

"ಮಶೀನು ಬರೀತೈತಿ ಖರೇ," ಎಂದರು. "ಆದ್ರ ಅದು ತನಗ ತಿಳಿಯೂ ಹಂಗ ಬರಕೊಂತೈತಿ. ಓದೋರು ನಾವಲ್ಲೇನವಾ? ಕನ್ನಡದಾಗ ಕೊಡ್ರಿ. ಮುಂಜಾನೆ ಅಂತ ಬರೀರಿ, ಸಂಜಿ ಅಂತ ಬರೀರಿ. ಆ ಎ.ಎಂ., ಪಿ.ಎಂ. ನಂಗ ಇವತ್ತಿಗೂ ಗೊಂದಲ. ಮಧ್ಯಾಹ್ನ ಹನ್ನೆರಡಕ್ಕ ಯಾವುದು ಹಾಕ್ತೀರಿ?"

"ಸಂಜಿ ಎಷ್ಟಕ್ಕ ಚಾಲೂ ಆಗತೈತ್ರಿ ಅಕ್ಕಾರ?" ಬ್ಯಾಡಗಿಯವಳು ಕೇಳಿದಳು. ಪ್ರೋಗ್ರಾಮಿಗೆ ಒಂದು ಗಡುವು ಬೇಕಲ್ಲ.

"ಬಿಸಿಲು ಆ ಎದುರಿನ ಗ್ವಾಡಿ ಹತ್ತಿತಂದ್ರ ಸಂಜಿ."

"ನಂಗ ಗ್ವಾಡಿ ಕಾಣೂದಿಲ್ಲಲ್ರಿ. ನಮ್ಮ ಮನ್ಯಾಗ ನೀರಿನ ಕೊಡದ ಸಪ್ಪಳ ಬಂತಂದ್ರ ನಂಗ ಸಂಜಿ. ಐದಾಗಿರತೈತಿ."

"ಐದು ಭಾಳ ತಡಾ ಆತು. ಚಳಿಗಾಲದಾಗ ಐದೂವರಿಗೆ ಕತ್ತಲಾಗಾಕ ಬರತೈತಿ."

ಇಬ್ಬರೂ ಹತ್ತು ನಿಮಿಷ ವಾದ ಮಾಡಿದರು. ಎಣಿಸುತ್ತಿದ್ದ ಹೆಂಗಸರೂ ಸೇರಿಕೊಂಡರು. ಮುಂಜಾನೆಯ ಬಗ್ಗೆ ಬೇಗ ಒಪ್ಪಂದವಾಯಿತು, ಸಂಜೆಯದ್ದೇ ಕಷ್ಟ. ಕೊನೆಗೆ ನಾಲ್ಕು ಗಂಟೆ ಎಂದು ನಿಗದಿಯಾಯಿತು. ನಾನು ಕೂತು ಕೇಳಿದೆ. ಇಷ್ಟು ವರ್ಷ ಪೆಟ್ಟಿಗೆ ಮಾಡಿ ಕೊಟ್ಟಿದ್ದೇನೆ, ಆ ಕೋಣೆಯಲ್ಲಿ ಒಂದು ಸಲವೂ ಇಷ್ಟು ಹೊತ್ತು ಕೂತಿರಲಿಲ್ಲ.

ಕನ್ನಡದಲ್ಲಿ ಕೊಡುವುದು ಹೇಳಿದಷ್ಟು ಸುಲಭವಿರಲಿಲ್ಲ. ನಮ್ಮ ಚಿಕ್ಕ ಪ್ರಿಂಟರಿಗೆ ಕನ್ನಡ ಅಕ್ಷರಗಳ ಪರಿಚಯವೇ ಇಲ್ಲ. ಅದಕ್ಕೆ ಪ್ರತಿ ಪದವನ್ನೂ ಕಪ್ಪು ಚುಕ್ಕೆಗಳ ಚಿತ್ರವಾಗಿ ಕೊಡಬೇಕು: ಹನ್ನೆರಡು ತಿಂಗಳು, ಏಳು ವಾರ, ಹತ್ತು ಅಂಕಿ, ಜೊತೆಗೆ ಮುಂಜಾನೆ, ಮಧ್ಯಾಹ್ನ, ಸಂಜೆ, ರಾತ್ರಿ. ಕೆಲಸ ಹಂಚಿಕೊಂಡೆವು. ಪ್ರೋಗ್ರಾಮ್ ಅವಳದು, ಚಿತ್ರ ನನ್ನದು. ನಾನು ಗ್ರಾಫ್ ಹಾಳೆಯ ಮೇಲೆ ಚೌಕ ತುಂಬುತ್ತ ಒಂದೊಂದು ಪದ ಬಿಡಿಸಿದೆ.

"ಅಕ್ಷರ ಹ್ಯಾಂಗ ಇರತಾವ್ರಿ?" ಎಂದು ಒಂದು ಮಧ್ಯಾಹ್ನ ಕೇಳಿದಳು. ಅವಳು ಓದಿದ್ದೆಲ್ಲ ಬ್ರೈಲ್ ಚುಕ್ಕೆಗಳಲ್ಲಿ. ನಾವು ಬರೆಯುವ ‘ಕ’ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ನಾನು ಬೆಸುಗೆ ಮೇಜಿನ ಮೇಲಿದ್ದ ದಪ್ಪ ಸೂಜಿ ತೆಗೆದುಕೊಂಡು, ಗ್ರಾಫ್ ಹಾಳೆಯ ಹಿಂಬದಿಯಿಂದ ಪ್ರತಿ ಕಪ್ಪು ಚೌಕಕ್ಕೂ ಒಂದು ಚುಚ್ಚು ಕೊಟ್ಟೆ. ಮುಂಬದಿಯಲ್ಲಿ ಸಣ್ಣ ಉಬ್ಬುಗಳೆದ್ದವು. ಅವಳು ಬೆರಳಿಟ್ಟಳು. ಮೊದಲ ಪದ ‘ಮೇ’. ತುಂಬ ಹೊತ್ತು ಅದರ ಮೇಲೆಯೇ ಬೆರಳು ತಿರುಗಿಸಿದಳು. "ಇಷ್ಟು ಸುತ್ತಿ ಸುತ್ತಿ ಬರೀತೀರೇನ್ರಿ ನೀವು?" ಎಂದಳು. ಆಮೇಲೆ ಜೂನ್, ಜುಲೈ. ದಿನಕ್ಕೆ ಎರಡು ಮೂರು ಪದ. ವಾರ ಕಳೆಯುವುದರೊಳಗೆ ಬೆರಳಿಟ್ಟು ಓದತೊಡಗಿದಳು. ‘ಅಕ್ಟೋಬರ್’ ಕೊಟ್ಟ ದಿನ ಅವಳ ಬೆರಳು ನಡುವೆ ನಿಂತಿತು.

"ಮೇಡಂ, ಇದರಾಗ ಟ ಒತ್ತು ಎಲ್ಲಿ?"

ನೋಡಿದೆ. ನಾನು ಅವಸರದಲ್ಲಿ ‘ಅಕೋಬರ್’ ಎಂದು ಬಿಡಿಸಿದ್ದೆ. ಮೂವತ್ತೈದು ವರ್ಷಗಳಿಂದ ಕನ್ನಡ ಓದುತ್ತಿದ್ದ ನನ್ನ ಕಣ್ಣು ತಪ್ಪಿಸಿಕೊಂಡದ್ದನ್ನು ಒಂದು ವಾರದ ಹಿಂದೆ ಅಕ್ಷರ ಕಲಿತ ಬೆರಳು ಹಿಡಿದಿತ್ತು.

ಅವಳ ಪ್ರೋಗ್ರಾಮನ್ನು ಓದುವುದೂ ನನಗೊಂದು ಪಾಠವಾಗಿತ್ತು. ಸಿಟೈಮಿನ ಪಾಟಿಯನ್ನು ಅವಳು ದೂರವಿಟ್ಟಳು. ಸಿ ಭಾಷೆಯಲ್ಲಿ ಇನ್ನೊಬ್ಬ ಕೆಲಸಗಾರನಿದ್ದಾನೆ, ನಮಗೆ ಬೇಕಾದ ಕ್ರಮದಲ್ಲಿ ತಾರೀಖು ಜೋಡಿಸಿ ಕೊಡುವವನು. ಅವನು ನಮ್ಮಿಂದಲೇ ಜಾಗ ಕೇಳುತ್ತಾನೆ, ಎಷ್ಟು ಜಾಗ ಎಂದೂ ಕೇಳುತ್ತಾನೆ. ಕೊಟ್ಟ ಜಾಗ ಸಾಲದಿದ್ದರೆ, ಆಗಲಿಲ್ಲ ಎಂದು ಸೊನ್ನೆ ಹಿಂದಿರುಗಿಸುತ್ತಾನೆ. ಅವನಿಗೆ ಕನ್ನಡ ಬಾರದ್ದರಿಂದ ಅವಳು ಅವನ ರೀತಿಯಲ್ಲೇ ಒಬ್ಬ ಕನ್ನಡದ ಕೆಲಸಗಾರನನ್ನು ತಾನೇ ಬರೆದಳು. ತಿಂಗಳ ಎಣಿಕೆ ಸೊನ್ನೆಯಿಂದ ಶುರು, ವರ್ಷದ ಎಣಿಕೆಗೆ ಸಾವಿರದ ಒಂಬೈನೂರು ಕೂಡಿಸಬೇಕು ಎಂಬಂಥ ಮುಳ್ಳುಗಳನ್ನೆಲ್ಲ ಒಂದೊಂದಾಗಿ ಆರಿಸಿ, ಪಕ್ಕದಲ್ಲಿ ಒಂದು ಸಾಲು ವಿವರಣೆ ಬರೆದಿಟ್ಟಳು. ಅವನು ಜೋಡಿಸಿ ಕೊಟ್ಟ ಸಾಲಿನಿಂದ ಒಂದೊಂದೇ ಪದ ತೆಗೆದು, ಅದರ ಚಿತ್ರ ಹುಡುಕಿ, ಪ್ರಿಂಟರಿಗೆ ಕಳಿಸುವುದು ಮುಂದಿನ ಕೆಲಸ. ಪೆಟ್ಟಿಗೆಯ ಚಿಪ್ಪಿನಲ್ಲಿ ಜಾಗ ಬಹಳ ಕಡಿಮೆ, ಅದನ್ನು ಸಣ್ಣ ಸಣ್ಣ ಮನೆಗಳಾಗಿ ಎಣಿಸುತ್ತಾರೆ. ಅವಳು ಒಂದು ಮನೆಯನ್ನೂ ಹಾಳು ಮಾಡಲಿಲ್ಲ. ಅದು ಅವಳ ಹೆಮ್ಮೆ.

ಜುಲೈ ತಿಂಗಳಲ್ಲಿ ಮೊದಲ ಕನ್ನಡ ಚೀಟಿ ಅಕ್ಕಾರ ಕೈ ಸೇರಿತು. ಅವರು ಅದನ್ನು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಓದಿದರು. ‘ಹಾಕಿದ್ದು: ಬುಧವಾರ, ಜುಲೈ ೮, ಮುಂಜಾನೆ.’ ಆಮೇಲೆ ಎಣಿಸುವ ಹೆಂಗಸರಲ್ಲಿ ಇಂಗ್ಲಿಷ್ ಬಾರದ ಒಬ್ಬಳನ್ನು ಕರೆದು ಅವಳ ಕೈಗೆ ಕೊಟ್ಟರು. ಅವಳು ತಡವರಿಸದೆ ಓದಿದಳು. ಆ ದಿನ ಅಕ್ಕಾರು ನಮ್ಮಿಬ್ಬರಿಗೂ ತಮ್ಮ ಬುತ್ತಿಯಿಂದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು.

ಎರಡು ತಿಂಗಳು ಒಂದು ದೂರೂ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಶುಕ್ರವಾರ ಅಕ್ಕಾರ ಫೋನು ಬಂತು.

"ತಂಗಿ, ಇವತ್ತು ದಿನಾನ ಇಲ್ಲಂತವಾ ನಿಮ್ಮ ಮಶೀನಿಗೆ. ಬಿಸಿ ಬರದೈತಿ, ತೇವ ಬರದೈತಿ, ಎಣಸಿದ ತಾರೀಖು ಇರೂ ಜಾಗ ಖಾಲಿ."

ಇಬ್ಬರೂ ಆಟೋ ಹಿಡಿದು ಹೋದೆವು. ಕೋಣೆಯಲ್ಲಿ ಹದಿನಾಲ್ಕು ಚೀಟಿ ಎಣಿಸಿದ ತಾರೀಖಿಲ್ಲದೆ ಬಿದ್ದಿದ್ದವು. ಅಕ್ಕಾರು ಅಷ್ಟರಲ್ಲೇ ಪ್ರತಿಯೊಂದಕ್ಕೂ ಕೈಯಿಂದ ತಾರೀಖು ಬರೆದು ಸಹಿ ಹಾಕಿದ್ದರು, ಹಾಗಾಗಿ ಕೆಲಸವೇನೂ ಕೆಟ್ಟಿರಲಿಲ್ಲ. ಆದರೆ ನಿನ್ನೆಯ ಚೀಟಿ ಸರಿಯಾಗಿತ್ತು, ಇಂದಿನದು ಖಾಲಿ. ಹಿಂದಿನ ವಾರದ ಶುಕ್ರವಾರ, ಸೆಪ್ಟೆಂಬರ್ ನಾಲ್ಕು, ಅದೂ ಸರಿಯಾಗಿ ಮುದ್ರಣವಾಗಿತ್ತು. ನಾನು ಅಭ್ಯಾಸದಂತೆ ಗಡಿಯಾರದ ಚಿಪ್ಪಿನ ಕಡೆ ಕೈ ಹಾಕಿದೆ.

"ಅದನ್ನ ಬಿಡ್ರಿ ಮೇಡಂ," ಎಂದಳು. ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿ, ತಾರೀಖನ್ನು ಒಂದು ದಿನ ಹಿಂದೆ ಹಾಕಿದಳು. ಗುರುವಾರ ಬಂತು. ಒಂದು ದಿನ ಮುಂದೆ ಹಾಕಿದಳು. ಶನಿವಾರ ಬಂತು. ಶುಕ್ರವಾರಕ್ಕೆ ತಂದರೆ ಖಾಲಿ. ಅಲ್ಲೇ ಕುರ್ಚಿಯ ಮೇಲೆ ಕೂತು ಬೆರಳು ಮಡಚುತ್ತ ಏನೋ ಎಣಿಸಿದಳು. ತುಟಿ ಅಲುಗುತ್ತಿತ್ತು. ಎರಡು ಸಲ ಎಣಿಸಿದಳು. ಆಮೇಲೆ ಕೈ ತೊಡೆಯ ಮೇಲಿಟ್ಟುಕೊಂಡಳು.

"ಗೊತ್ತಾತ್ರಿ," ಎಂದಳು. "ವಾರದಾಗ ಉದ್ದಂದು ಮಂಗಳವಾರ ಅಂತ ತಿಳಕೊಂಡಿದ್ದೆ."

ಅವಳು ಜಾಗ ಅಳೆದದ್ದು ಕಿವಿಯಿಂದ. ಮಂ-ಗ-ಳ-ವಾ-ರ. ಬಾಯಲ್ಲಿ ಹೇಳಿ ನೋಡಿದರೆ ಏಳು ವಾರಗಳಲ್ಲಿ ಅದೇ ಉದ್ದ. ತಿಂಗಳಲ್ಲಿ ಸೆಪ್ಟೆಂಬರ್ ಉದ್ದ. ಅವೆರಡನ್ನೂ, ಎರಡಂಕಿಯ ತಾರೀಖನ್ನೂ ಸೇರಿಸಿ, ಅಷ್ಟಕ್ಕೆ ಸರಿಯಾಗಿ ಜಾಗ ಕೊಟ್ಟಿದ್ದಳು. ಆದರೆ ಕಂಪ್ಯೂಟರು ಕನ್ನಡವನ್ನು ಕಿವಿಯಿಂದ ಅಳೆಯುವುದಿಲ್ಲ. ಅದಕ್ಕೆ ಒಂದು ‘ಕ’ ಬರೆಯಲು ಮೂರು ಮನೆ ಬೇಕು, ಕೊಂಬಿಗೆ ಮೂರು, ಅನುಸ್ವಾರಕ್ಕೆ ಮೂರು. ಒತ್ತಕ್ಷರ ಬಂದರೆ ಒತ್ತಿನ ಅಕ್ಷರಕ್ಕೆ ಮೂರು, ಅದನ್ನು ಕೂಡಿಸುವ ಗುರುತಿಗೆ ಮತ್ತೆ ಮೂರು. ಶುಕ್ರವಾರದ ‘ಕ್ರ’ ಬಾಯಲ್ಲಿ ಒಂದೇ ಉಸಿರು, ಯಂತ್ರದಲ್ಲಿ ಒಂಬತ್ತು ಮನೆ. ಲೆಕ್ಕ ಹಾಕಿದರೆ ಮಂಗಳವಾರಕ್ಕಿಂತ ಶುಕ್ರವಾರ ಮೂರು ಮನೆ ಉದ್ದ. ಸೆಪ್ಟೆಂಬರಿನಲ್ಲಿ, ಶುಕ್ರವಾರ, ತಾರೀಖು ಎರಡಂಕಿಯದ್ದಾದ ದಿನ ಮಾತ್ರ ಜಾಗ ಸಾಲುತ್ತಿರಲಿಲ್ಲ. ವರ್ಷದಲ್ಲಿ ಮೂರೇ ದಿನ. ಅವಳ ಕನ್ನಡದ ಕೆಲಸಗಾರ ನಿಯಮದಂತೆ, ಆಗಲಿಲ್ಲ ಎಂದು ಸೊನ್ನೆ ಕೊಟ್ಟಿದ್ದ. ಆ ಸೊನ್ನೆಯನ್ನು ನೋಡಬೇಕಾಗಿದ್ದ ಒಂದು ಸಾಲನ್ನು ಅವಳು ಬರೆದಿರಲಿಲ್ಲ.

ನಾನು ಅಕ್ಕಾರ ಮುಂದೆ ಏನೋ ಸಮಾಧಾನ ಹೇಳಲು ಹೊರಟೆ. ಯಂತ್ರ ಹೊಸದು, ಇಂಥವು ಆಗುತ್ತವೆ ಎಂದೆಲ್ಲ. ಅವಳು ನಡುವೆ ತಡೆದಳು. ಎದ್ದು ನಿಂತು, ಎಣಿಸುವ ಹೆಂಗಸರ ಧ್ವನಿ ಬರುತ್ತಿದ್ದ ಕಡೆ ಮುಖ ಮಾಡಿದಳು.

"ಮಶೀನಿನ ತಪ್ಪಲ್ಲ ಅಕ್ಕಾರ, ಮೇಡಮ್ಮಾರದೂ ಅಲ್ಲ. ತಪ್ಪು ನಂದು. ಕಿವಿ ಮ್ಯಾಲೆ ಭಾಳ ಭರೋಸಾ ಇಟ್ಟೆ. ಹನ್ನೆರಡು ತಿಂಗಳಾನೂ ಹಚ್ಚಿ ನೋಡಿದ್ದೆ, ಏಳು ವಾರಾನೂ ನೋಡಿದ್ದೆ, ಆದ್ರ ಎಲ್ಲಾ ಕೂಡಿಸಿ ನೋಡಲಿಲ್ಲ. ಇವತ್ತ ಸರಿ ಮಾಡಿ ಹೋಗತೇನಿ."

ಅಕ್ಕಾರು ಅವಳ ಕಡೆ ಕುರ್ಚಿ ಸರಿಸಿದರು. "ಕುಂದ್ರವಾ," ಎಂದರು. "ನಾ ಈ ಕೆಲಸಕ್ಕ ಬಂದ ಹೊಸದಾಗಿ ಎರಡು ಸುರುಳಿ ಅದಲು ಬದಲು ಮಾಡಿ ಇಟ್ಟಿದ್ದೆ. ಬದನಿ ಬೀಜ ಒಯ್ದು ಮೆಣಸಿನಕಾಯಿ ಹೆಸರಿನ್ಯಾಗ ಬರದಿದ್ದೆ. ಮೂರು ದಿನ ಯಾರಿಗೂ ಹೇಳಲಿಲ್ಲ. ಊಟಾ ಸೇರಲಿಲ್ಲ, ನಿದ್ದಿ ಬರಲಿಲ್ಲ. ನೀ ಮೂರು ನಿಮಿಷಕ್ಕ ಹೇಳಿಬಿಟ್ಟಿ. ಚಲೋ ಮಾಡಿದಿ."

ಸರಿಪಡಿಸಲು ಹಿಡಿದದ್ದು ಅರ್ಧ ತಾಸು. ಅದರಲ್ಲಿ ಹೆಚ್ಚಿನ ಹೊತ್ತು ಚಿಪ್ಪಿಗೆ ಹೊಸ ಪ್ರೋಗ್ರಾಮ್ ಇಳಿಯಲು. ಜಾಗ ಹಿಗ್ಗಿಸಿದಳು. ಯಾವ ಕಾರಣಕ್ಕಾದರೂ ತಾರೀಖು ಜೋಡಿಸಲಾಗದಿದ್ದರೆ, ಆ ಸಾಲನ್ನು ಖಾಲಿ ಬಿಡದೆ ಬರೀ ಅಂಕಿಗಳಲ್ಲಾದರೂ ಮುದ್ರಿಸಿ ಪಕ್ಕದಲ್ಲಿ ಒಂದು ಗುರುತು ಹಾಕುವಂತೆ ಮಾಡಿದಳು. ‘ಶುಕ್ರವಾರ, ಸೆಪ್ಟೆಂಬರ್ ೧೧’ ಎಂದು ಚೀಟಿ ಬಂತು. ಅಕ್ಕಾರು ಓದಿ ಹೇಳಿದರು. ಆದರೂ ಅವಳು ಒಂದು ಚೀಟಿಯನ್ನು ಕೇಳಿ ಪಡೆದು ಬೆರಳಾಡಿಸಿದಳು. ನಯವಾದ ಆ ಕಾಗದದ ಮೇಲೆ ಅವಳಿಗೆ ಏನೂ ಸಿಗಲಾರದು ಎಂದು ನಮಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಇದೆಲ್ಲ ಆಗಿ ಬಹಳ ಕಾಲವೇನೂ ಆಗಿಲ್ಲ. ಈಗ ನಮ್ಮ ಪೆಟ್ಟಿಗೆಗಳು ಬ್ಯಾಡಗಿಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲೂ ಇವೆ, ಹಾವೇರಿಯಲ್ಲೂ ಎರಡು ಕಡೆ ಇವೆ. ಪ್ರೋಗ್ರಾಮೆಲ್ಲ ಅವಳದೇ. ನಾನು ಬರೆದದ್ದನ್ನೂ ಅವಳು ಕೇಳಿ ಒಪ್ಪದೆ ಚಿಪ್ಪಿಗೆ ಇಳಿಸುವುದಿಲ್ಲ. ಆ ಶುಕ್ರವಾರದ ನಂತರ ಅವಳೊಂದು ನಿಯಮ ಮಾಡಿಕೊಂಡಿದ್ದಾಳೆ. ಹೊಸ ಪೆಟ್ಟಿಗೆ ಹೊರಡುವ ಮೊದಲು ಮುಂದಿನ ಇಪ್ಪತ್ತೆಂಟು ವರ್ಷಗಳ ಪ್ರತಿ ದಿನವನ್ನೂ ಪ್ರೋಗ್ರಾಮಿನಿಂದ ಬರೆಸುತ್ತಾಳೆ; ಅಷ್ಟು ವರ್ಷಗಳಲ್ಲಿ ಪ್ರತಿ ತಾರೀಖೂ ಪ್ರತಿ ವಾರದ ಮೇಲೆ ಬಂದು ಹೋಗುತ್ತದಂತೆ. ಎಲ್ಲವನ್ನೂ ಇನ್ನೊಂದು ಸಣ್ಣ ಪ್ರೋಗ್ರಾಮು ತಾಳೆ ನೋಡುತ್ತದೆ. ಅದರ ಮೇಲೂ, ಒಂದು ಪೂರ್ತಿ ವರ್ಷವನ್ನು, ಫೆಬ್ರವರಿ ಇಪ್ಪತ್ತೊಂಬತ್ತು ಇರುವ ವರ್ಷವನ್ನೇ ಆರಿಸಿ, ಅವಳು ತಾನೇ ಕೂತು ಕೇಳುತ್ತಾಳೆ.

ಕಳೆದ ವಾರ ನಾನೂ ಜೊತೆಗೆ ಕೂತೆ. "ನನ್ನ ಸಲುವಾಗಿ ಸ್ವಲ್ಪ ಸಾವಕಾಶ ಓಡಿಸು," ಎಂದೆ. ಒಂದು ಇಯರ್‌ಫೋನ್ ಅವಳ ಕಿವಿಯಲ್ಲಿ, ಇನ್ನೊಂದು ನನ್ನ ಕಿವಿಯಲ್ಲಿ. ಯಂತ್ರದ ಧ್ವನಿ ಜನವರಿ ಒಂದರಿಂದ ಹೇಳತೊಡಗಿತು. ಭಾವನೆಯಿಲ್ಲದ, ಸ್ವಲ್ಪ ಮೂಗಿನಲ್ಲಿ ಆಡುವ ಕನ್ನಡ. ಮಾರ್ಚ್ ಬರುವ ಹೊತ್ತಿಗೆ ನನ್ನ ಮನಸ್ಸು ಎಲ್ಲೆಲ್ಲೋ ಹೋಗಿತ್ತು: ಮನೆಗೆ ಒಯ್ಯಬೇಕಾದ ತರಕಾರಿ, ಸಂಜೆಯ ಬಸ್ಸು. ಅವಳ ಮುಖ ನೋಡಿದೆ. ಅಲ್ಲಿ ಬೇಸರವಿರಲಿಲ್ಲ. ಏಪ್ರಿಲ್, ಮೇ, ಒಂದೊಂದೇ ದಿನ ಅವಳ ಕಿವಿಯ ಮುಂದೆ ಹಾದುಹೋಗುತ್ತಿತ್ತು, ಒಂದನ್ನೂ ಅವಳು ಹಾಗೇ ಬಿಡುತ್ತಿರಲಿಲ್ಲ. ಸೊಟ್ಟ ಮೊಳಕೆ ಹುಡುಕುವಾಗ ಅಕ್ಕಾರ ಮುಖದಲ್ಲಿ ಕಂಡ ಅದೇ ಗಮನ. ನವೆಂಬರಿನಲ್ಲಿ ಒಂದು ಕಡೆ ನಿಲ್ಲಿಸಿ, ಎರಡು ದಿನ ಹಿಂದೆ ಹೋಗಿ, ಮತ್ತೆ ಕೇಳಿದಳು. ಸರಿಯಾಗಿತ್ತು. ತಲೆಯಾಡಿಸಿ ಮುಂದೆ ಬಿಟ್ಟಳು.

ಡಿಸೆಂಬರ್ ಮೂವತ್ತೊಂದು ಮುಗಿಯಿತು. ಅವಳು ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಮೈ ಮುರಿದಳು.

"ವರ್ಷ ಸರಿ ಐತ್ರಿ ಮೇಡಂ," ಎಂದಳು. "ಪೆಟಗಿ ಪ್ಯಾಕ್ ಮಾಡ್ರಿ, ನಾ ಅಷ್ಟರಾಗ ಚಹಾಕ್ಕ ಹೇಳತೇನಿ."